ಮೊದಲ ಪಿಸಿಆರ್ ನೆಗೆಟಿವ್ ಬಂದರೆ ಮಂಗನ ಕಾಯಿಲೆ ಇಲ್ಲ ಅಂತಾನಾ?

ಪ್ರಶ್ನೆ: ನಮ್ಮೂರು ಸಾಗರ ತಾಲ್ಲೂಕಿನಲ್ಲಿ, ಅಡಿಕೆ ತೋಟ ಇದೆ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಅಪ್ಪ ಸೊಪ್ಪಿನಬೆಟ್ಟಕ್ಕೆ ಹೋಗಿ ದರಕು (ಒಣ ಎಲೆ) ತಂದರು. ಒಂದು ವಾರದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು. ಭಾನುವಾರ ಜ್ವರ ಶುರುವಾಯಿತು, ಸೋಮವಾರ ಸಂಜೆ ಪಿಎಚ್‌ಸಿಯಲ್ಲಿ ರಕ್ತ ತೆಗೆದರು, ಬುಧವಾರ ಕೆಎಫ್‌ಡಿ, ಅಂದರೆ ಮಂಗನ ಕಾಯಿಲೆಯ ಪಿಸಿಆರ್ ನೆಗೆಟಿವ್ ಅಂತ ಬಂತು. ಆದರೆ ಡಾಕ್ಟರು ಮತ್ತೆ ರಕ್ತ ಕೊಡಿ, ಈ ಸಲ ಇನ್ನೊಂದು ಪರೀಕ್ಷೆಯನ್ನೂ ಮಾಡಿಸೋಣ ಅನ್ನುತ್ತಿದ್ದಾರೆ. ಪಿಸಿಆರ್ ಅಂದ್ರೆ ಅಷ್ಟು ದೊಡ್ಡ ಪರೀಕ್ಷೆ ಅಲ್ವಾ? ಅದೇ ಇಲ್ಲ ಅಂದ ಮೇಲೆ ಮತ್ತೆ ಯಾಕೆ? ಅಮ್ಮನಿಗೆ, ತಮ್ಮನಿಗೂ ಮಾಡಿಸಬೇಕಾ? ಜ್ವರ ಬರೋ ಮುಂಚೆನೇ ಗೊತ್ತಾಗುವ ಪರೀಕ್ಷೆ ಯಾವುದೂ ಇಲ್ವಾ?

ಉತ್ತರ: ನಿಮ್ಮ ಡಾಕ್ಟರು ಹೇಳುತ್ತಿರುವುದು ಸರಿ. ಇನ್ನೊಮ್ಮೆ ರಕ್ತ ಕೊಡಿಸಿ, ತಡ ಮಾಡಬೇಡಿ. ನೀವು ಪ್ರಶ್ನೆ ಕಳಿಸಿದ್ದು ಗುರುವಾರ, ಅಂದರೆ ಭಾನುವಾರದಿಂದ ಲೆಕ್ಕ ಹಾಕಿದರೆ ಜ್ವರದ ಐದನೇ ದಿನ. ನಾಳೆ ಆರನೇ ದಿನ. ಈ ದಿನದ ಲೆಕ್ಕವೇ ಇಲ್ಲಿ ಎಲ್ಲಕ್ಕಿಂತ ಮುಖ್ಯ. ರಿಪೋರ್ಟಿನಲ್ಲಿ ಪಾಸಿಟಿವ್, ನೆಗೆಟಿವ್ ಅನ್ನುವ ಪದ ಎಲ್ಲರೂ ಓದುತ್ತಾರೆ. ಆದರೆ ಜ್ವರ ಬಂದು ಎಷ್ಟನೇ ದಿನದ ರಕ್ತ ಅದು ಅಂತ ಗೊತ್ತಿಲ್ಲದೆ ಆ ಪದಕ್ಕೆ ಅರ್ಧ ಅರ್ಥವೂ ಇಲ್ಲ.

ಕಾಯಿಲೆ ಬಗ್ಗೆ ಎರಡು ಮಾತು, ನಿಮ್ಮ ತಮ್ಮನೂ ಓದಬಹುದು ಅಂತ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತಮುತ್ತ ಮಂಗಗಳು ಸಾಯತೊಡಗಿದವು, ಅದರ ಬೆನ್ನಿಗೇ ಊರ ಜನಕ್ಕೂ ಜ್ವರ ಬಂತು. ಹಳದಿ ಜ್ವರ ಭಾರತಕ್ಕೆ ಬಂದುಬಿಟ್ಟಿತಾ ಅಂತ ಮೊದಲು ಎಲ್ಲರೂ ಗಾಬರಿಯಾಗಿದ್ದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು, ಅಂದರೆ ಇವತ್ತಿನ ರಾಷ್ಟ್ರೀಯ ವೈರಾಣು ಸಂಸ್ಥೆ (ಎನ್‌ಐವಿ), ವೈರಸ್ಸನ್ನು ಬೇರ್ಪಡಿಸಿ ನೋಡಿದಾಗ ಅದು ರಷ್ಯಾ ಕಡೆ ಉಣುಗಿನಿಂದ ಹರಡುವ ಮೆದುಳು ಜ್ವರದ ವೈರಸ್ಸಿನ ಹತ್ತಿರದ ನೆಂಟ ಅಂತ ಗೊತ್ತಾಯಿತು. ಇದೂ ಉಣುಗು ಕಚ್ಚಿಯೇ ಬರುತ್ತದೆ. ತುಂಬಾ ವರ್ಷ ಇದು ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಕಡೆಯದ್ದೇ ಕಾಯಿಲೆ ಅಂತಿತ್ತು. 2012ರ ಕೊನೆಯಲ್ಲಿ ಬಂಡೀಪುರದಲ್ಲಿ ಕಾಣಿಸಿತು, ಆಮೇಲೆ ವಯನಾಡು, ಗೋವಾ, ಸಿಂಧುದುರ್ಗ. 2019ರಲ್ಲಿ ನಿಮ್ಮದೇ ತಾಲ್ಲೂಕಿನ ಅರಳಗೋಡಿನಲ್ಲಿ ಈ ಕಾಯಿಲೆ ಹಬ್ಬಿದ್ದು ನಿಮಗೆ ನಾನು ಹೇಳಬೇಕಾಗಿಲ್ಲ.

ಈಗ ಪಿಸಿಆರ್ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಅದರೊಳಗೇ ಇದೆ.

ಈ ವೈರಸ್ಸಿನೊಳಗೆ ಇರುವುದು ಆರ್‌ಎನ್‌ಎ. ಸುಮಾರು 11,000 ಅಕ್ಷರಗಳ ಒಂದೇ ಎಳೆ. ಅದರಲ್ಲಿ ಈ ವೈರಸ್ಸಿಗೆ ಮಾತ್ರ ಸೇರಿದ, ಡೆಂಗಿ ವೈರಸ್ಸಿನಲ್ಲಿ ಇಲ್ಲದ ಒಂದು ಚಿಕ್ಕ ತುಂಡನ್ನು ಲ್ಯಾಬಿನಲ್ಲಿ ಗುರಿ ಮಾಡಿಕೊಳ್ಳುತ್ತಾರೆ. ಪಿಸಿಆರ್ ಮೆಷಿನ್ನಿಗೆ ಆರ್‌ಎನ್‌ಎ ನೇರವಾಗಿ ಆಗುವುದಿಲ್ಲ, ಹಾಗಾಗಿ ಮೊದಲು ಒಂದು ಕಿಣ್ವ ಅದನ್ನು ಡಿಎನ್‌ಎಗೆ ನಕಲು ಮಾಡುತ್ತದೆ. ಆಮೇಲೆ ಮೆಷಿನ್ 95 ಡಿಗ್ರಿ ಹತ್ತಿರ ಬಿಸಿ ಮಾಡುತ್ತದೆ, ಡಿಎನ್‌ಎಯ ಎರಡು ಎಳೆ ಬಿಟ್ಟುಕೊಳ್ಳುತ್ತವೆ. 60 ಡಿಗ್ರಿ ಆಸುಪಾಸಿಗೆ ಇಳಿಸುತ್ತದೆ, ಪ್ರೈಮರ್ ಎಂಬ ಚಿಕ್ಕ ತುಣುಕುಗಳು ತಮ್ಮ ಜಾಗ ಹುಡುಕಿ ಅಂಟಿಕೊಳ್ಳುತ್ತವೆ, ಅಲ್ಲಿಂದ ಹೊಸ ಎಳೆ ಬೆಳೆಯುತ್ತದೆ. ಒಂದು ಇದ್ದದ್ದು ಎರಡಾಯಿತು. ಮತ್ತೆ ಬಿಸಿ, ಮತ್ತೆ ತಂಪು. ಎರಡು ನಾಲ್ಕಾಯಿತು. ಹೀಗೆ 30 ಸುತ್ತು ಆದರೆ ಒಂದೇ ಒಂದು ತುಂಡಿನಿಂದ 107 ಕೋಟಿಗೂ ಜಾಸ್ತಿ ಪ್ರತಿ ಆಗುತ್ತವೆ. ಸಾಮಾನ್ಯವಾಗಿ 40 ಸುತ್ತು ಓಡಿಸುತ್ತಾರೆ. ಪ್ರತಿ ಸುತ್ತಿನಲ್ಲೂ ಹೊಸ ಪ್ರತಿಗಳಿಗೆ ತಕ್ಕಂತೆ ಒಂದು ಬಣ್ಣದ ಬೆಳಕು ಹೊಮ್ಮುತ್ತದೆ, ಮೆಷಿನ್ ಅದನ್ನು ಅಳೆಯುತ್ತಾ ಹೋಗುತ್ತದೆ. 1983ರಲ್ಲಿ ಕ್ಯಾರಿ ಮಲ್ಲಿಸ್ ಈ ವಿಧಾನ ಕಂಡುಹಿಡಿದರು, ಹತ್ತು ವರ್ಷಕ್ಕೆ ನೊಬೆಲ್ ಬಂತು. ಅಷ್ಟು ಬಿಸಿಗೂ ಹಾಳಾಗದ ಕಿಣ್ವ ಮೊದಲು ಸಿಕ್ಕಿದ್ದು ಅಮೆರಿಕದ ಯೆಲ್ಲೊಸ್ಟೋನ್ ಬಿಸಿನೀರಿನ ಬುಗ್ಗೆಗಳ ಬ್ಯಾಕ್ಟೀರಿಯಾದಿಂದ.

ಹಾಗಾದರೆ ಒಂದು ವೈರಸ್ ಇದ್ದರೂ ಹಿಡಿಯುತ್ತದಲ್ಲ ಅಂತ ಕೇಳಬಹುದು. ಹಿಡಿಯುತ್ತದೆ, ಆದರೆ ಆ ಒಂದು ವೈರಸ್ ಟ್ಯೂಬಿನೊಳಗೆ ಬಂದಿರಬೇಕು. ಇಲ್ಲಿ ಒಂದು ಲೆಕ್ಕ ನೋಡಿ. ಅಪ್ಪನಿಂದ ನಾಲ್ಕೈದು ಎಂಎಲ್ ರಕ್ತ ತೆಗೆದಿರುತ್ತಾರೆ. ಅದರ ಸೀರಂನಲ್ಲಿ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವದಲ್ಲಿ, ಲ್ಯಾಬಿನವರು ಆರ್‌ಎನ್‌ಎ ಬೇರ್ಪಡಿಸಲು ಬಳಸುವುದು ಸಾಮಾನ್ಯವಾಗಿ 200 ಮೈಕ್ರೋಲೀಟರ್, ಅಂದರೆ ಒಂದು ಎಂಎಲ್‌ನ ಐದನೇ ಒಂದು ಪಾಲು. ಬೇರ್ಪಡಿಸಿದ ಆರ್‌ಎನ್‌ಎ 50 ಮೈಕ್ರೋಲೀಟರ್ ದ್ರವದಲ್ಲಿ ಇಳಿಯುತ್ತದೆ. ಅದರಲ್ಲಿ ಮೆಷಿನ್ನಿಗೆ ಹೋಗುವುದು ಐದು ಮೈಕ್ರೋಲೀಟರ್. ಕೂಡಿಸಿ ಕಳೆದು ನೋಡಿದರೆ ಆ ಇಡೀ ಪರೀಕ್ಷೆ ನೋಡಿದ್ದು ನಿಮ್ಮ ತಂದೆಯ 20 ಮೈಕ್ರೋಲೀಟರ್ ಸೀರಂ ಅಷ್ಟೇ. ಅರ್ಧ ಹನಿಯೂ ಅಲ್ಲ. ಒಂದು ಎಂಎಲ್‌ನಲ್ಲಿ 50 ವೈರಸ್ ಇದ್ದರೆ ಮೆಷಿನ್ನಿನ ಪಾಲಿಗೆ ಬರುವುದು ಸರಾಸರಿ ಒಂದು, ಅದೂ ನಡುವೆ ಏನೂ ನಷ್ಟವಾಗದಿದ್ದರೆ. ಹತ್ತು ವೈರಸ್ ಇದ್ದರೆ ಬಹುಪಾಲು ಸಲ ಸೊನ್ನೆ. ನೆಗೆಟಿವ್ ಅನ್ನುವ ಪದದ ನಿಜವಾದ ಅರ್ಥ ಇದು: ಈ ದಿನದ, ಈ ಸ್ಯಾಂಪಲ್ಲಿನ, ಈ 20 ಮೈಕ್ರೋಲೀಟರಿನಲ್ಲಿ ಸಿಗಲಿಲ್ಲ.

ಮಂಗನ ಕಾಯಿಲೆಯಲ್ಲಿ ರಕ್ತದಲ್ಲಿ ವೈರಸ್ ಎಲ್ಲ ದಿನವೂ ಒಂದೇ ಸಮ ಇರುವುದಿಲ್ಲ. ಜ್ವರದ ಜೊತೆಗೇ ಕಾಣಿಸಿಕೊಳ್ಳುತ್ತದೆ, ಮೂರರಿಂದ ಆರನೇ ದಿನದ ಹೊತ್ತಿಗೆ ಅತಿ ಜಾಸ್ತಿ ಇರುತ್ತದೆ, ಆಮೇಲೆ ಇಳಿಯುತ್ತಾ ಹತ್ತನೇ ದಿನದ ಹೊತ್ತಿಗೆ ಪಿಸಿಆರ್‌ಗೆ ಸಿಗುವುದು ಕಷ್ಟವಾಗುತ್ತದೆ. ನಿಮ್ಮ ತಂದೆಯ ರಕ್ತ ತೆಗೆದದ್ದು ಎರಡನೇ ದಿನ. ಪಿಸಿಆರ್‌ಗೆ ಅದು ಕೆಟ್ಟ ದಿನ ಏನಲ್ಲ, ಎಷ್ಟೋ ಜನರಿಗೆ ಮೊದಲ ದಿನವೇ ಪಾಸಿಟಿವ್ ಬರುತ್ತದೆ. ಆದರೆ ವೈರಸ್ ಇನ್ನೂ ಏರುತ್ತಿರುವ ಹೊತ್ತು ಅದು. ಕಾಡಿಗೆ ಹೋಗಿದ್ದಾರೆ, ಕಾಯಿಲೆ ಇರುವ ಊರು, ಲಕ್ಷಣ ಹೊಂದುತ್ತಿವೆ, ಇಷ್ಟೆಲ್ಲ ಇರುವಾಗ ಎರಡನೇ ದಿನದ ಒಂದು ನೆಗೆಟಿವ್ ನೋಡಿ ಕಾಯಿಲೆಯನ್ನು ತಳ್ಳಿಹಾಕಬಾರದು.

ಡಾಕ್ಟರು ಹೇಳಿದ ಇನ್ನೊಂದು ಪರೀಕ್ಷೆ ಬಹುಶಃ ಐಜಿಎಂ ಎಲಿಸಾ. ಅದು ವೈರಸ್ಸನ್ನು ಹುಡುಕುವುದಿಲ್ಲ, ವೈರಸ್ಸಿನ ವಿರುದ್ಧ ಮೈ ಮಾಡಿಕೊಂಡ ಪ್ರತಿಕಾಯವನ್ನು ಹುಡುಕುತ್ತದೆ. ಮೈಗೆ ಅದನ್ನು ಮಾಡಿಕೊಳ್ಳಲು ಸಮಯ ಬೇಕು. ನಾಲ್ಕು ಐದನೇ ದಿನದಿಂದ ಕಾಣಿಸತೊಡಗುತ್ತದೆ, ಆಮೇಲೆ ಕೆಲವು ತಿಂಗಳು ರಕ್ತದಲ್ಲಿ ಇರುತ್ತದೆ. ಅಂದರೆ ಮೊದಲ ಮೂರು ದಿನ ಪಿಸಿಆರ್ ಒಂದೇ ಗತಿ. ಹತ್ತು ದಿನ ದಾಟಿದ ಮೇಲೆ ಹೆಚ್ಚುಕಡಿಮೆ ಐಜಿಎಂ ಒಂದೇ ಗತಿ. ನಡುವಿನ ದಿನಗಳಲ್ಲಿ ಎರಡನ್ನೂ ಮಾಡಬೇಕು, ಯಾಕಂದ್ರೆ ವೈರಸ್ ಇಳಿಯುತ್ತಿರುತ್ತದೆ, ಪ್ರತಿಕಾಯ ಏರುತ್ತಿರುತ್ತದೆ, ಯಾರಿಗೆ ಯಾವುದು ಎಷ್ಟು ಅಂತ ಹೊರಗಿನಿಂದ ಹೇಳಲಾಗದು. ಆರನೇ ದಿನ ಎರಡೂ ಮಾಡಿಸಿ ಎರಡೂ ನೆಗೆಟಿವ್ ಬಂದರೆ ಆ ನೆಗೆಟಿವ್‌ಗೆ ತೂಕ ಇದೆ.

ಐಜಿಎಂನಲ್ಲೂ ತೊಂದರೆ ಇಲ್ಲದೆ ಇಲ್ಲ. ಎರಡು ತಿಂಗಳ ಹಿಂದೆ ಸಣ್ಣದಾಗಿ ಕಾಯಿಲೆ ಬಂದು ಹೋಗಿದ್ದರೆ, ಈಗಿನ ಜ್ವರ ಬೇರೆಯದೇ ಆಗಿದ್ದರೂ ಐಜಿಎಂ ಪಾಸಿಟಿವ್ ಬರಬಹುದು. ಡೆಂಗಿ ವೈರಸ್ಸೂ ಇದೇ ಕುಟುಂಬದ್ದು, ಹಾಗಾಗಿ ಪ್ರತಿಕಾಯದ ಪರೀಕ್ಷೆಯಲ್ಲಿ ಒಮ್ಮೊಮ್ಮೆ ಒಂದಕ್ಕೊಂದು ಗೊಂದಲ ಆಗುತ್ತದೆ. ಪಿಸಿಆರ್ ಪಾಸಿಟಿವ್ ಬಂದರೆ ಈ ಗೊಂದಲ ಇಲ್ಲ. ವೈರಸ್ ಈಗ ರಕ್ತದಲ್ಲಿದೆ, ಇದೇ ವೈರಸ್ ಇದೆ, ಅಷ್ಟೇ.

ನೆಗೆಟಿವ್ ಬರಲು ದಿನದ ಲೆಕ್ಕ ಬಿಟ್ಟು ಬೇರೆ ಕಾರಣಗಳೂ ಇರುತ್ತವೆ. ಯಾರೂ ಗಮನ ಕೊಡದ ವಿಷಯ ಇದು, ನನಗೆ ಇದರ ಬಗ್ಗೆ ತುಂಬಾ ಕಾಳಜಿ ಇದೆ. ರಕ್ತದ ಟ್ಯೂಬುಗಳ ಮುಚ್ಚಳ ನೋಡಿದ್ದೀರಾ? ಕೆಂಪು ಅಥವಾ ಹಳದಿ ಮುಚ್ಚಳದ್ದು ಸೀರಂಗೆ, ನೇರಳೆ ಮುಚ್ಚಳದ್ದರಲ್ಲಿ ಇಡಿಟಿಎ ಇರುತ್ತದೆ, ಇವು ಪಿಸಿಆರ್‌ಗೆ ನಡೆಯುತ್ತವೆ. ಹಸಿರು ಮುಚ್ಚಳದ್ದರಲ್ಲಿ ಹೆಪರಿನ್ ಇರುತ್ತದೆ. ರಕ್ತ ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳುವ ಅದೇ ಹೆಪರಿನ್ ಪಿಸಿಆರ್ ಕಿಣ್ವವನ್ನೂ ತಡೆದುಬಿಡುತ್ತದೆ. ವೈರಸ್ ಎಷ್ಟೇ ಇರಲಿ, ಪ್ರತಿ ಆಗುವುದೇ ಇಲ್ಲ. ರಕ್ತ ತೆಗೆಯುವಾಗ ಕಣಗಳು ಒಡೆದು ಸೀರಂ ಕೆಂಪಾದರೂ ಹಿಮೋಗ್ಲೋಬಿನ್ ಅಡ್ಡಿ ಮಾಡುತ್ತದೆ. ಆರ್‌ಎನ್‌ಎ ಅಂತೂ ಬಹಳ ನಾಜೂಕು, ಬಿಸಿಲಲ್ಲಿ ನಿಂತ ಗಾಡಿಯೊಳಗೆ ಸ್ಯಾಂಪಲ್ ಡಬ್ಬಿ ಮಧ್ಯಾಹ್ನ ಪೂರ್ತಿ ಕೂತರೆ ಕರಗಿಹೋಗುತ್ತದೆ. 2ರಿಂದ 8 ಡಿಗ್ರಿ ತಂಪಿನಲ್ಲಿ, ಮೂರು ಪದರದ ಪ್ಯಾಕಿಂಗಿನಲ್ಲಿ ಲ್ಯಾಬ್ ಸೇರಬೇಕು. ಪಿಎಚ್‌ಸಿಯ ಲ್ಯಾಬ್ ಟೆಕ್ನಿಷಿಯನ್, ಐಸ್ ಪ್ಯಾಕ್ ಹಾಕಿ ಡಬ್ಬಿ ಕಟ್ಟುವವರು, ಅದನ್ನು ಘಟ್ಟದ ರಸ್ತೆಯಲ್ಲಿ ಒಯ್ಯುವವರು, ಇವರ ಕೆಲಸ ಸರಿ ಇದ್ದರೆ ಮಾತ್ರ ಲಕ್ಷಾಂತರ ರೂಪಾಯಿಯ ಮೆಷಿನ್ನಿಗೆ ಬೆಲೆ.

ಒಳ್ಳೆಯ ಲ್ಯಾಬ್ ಇಂಥ ತಪ್ಪು ಹಿಡಿಯಲು ಒಂದು ಏರ್ಪಾಡು ಮಾಡಿಕೊಂಡಿರುತ್ತದೆ. ವೈರಸ್ಸಿನ ಜೊತೆಗೆ ಮನುಷ್ಯರದೇ ಒಂದು ಜೀನನ್ನೂ ಅದೇ ಸ್ಯಾಂಪಲ್ಲಿನಲ್ಲಿ ಹುಡುಕುತ್ತಾರೆ. ಅದು ಎಲ್ಲರಲ್ಲೂ ಇರಲೇಬೇಕು. ಅದು ಸಿಕ್ಕಿ ವೈರಸ್ ಸಿಗದಿದ್ದರೆ ನೆಗೆಟಿವ್. ಅದೂ ಸಿಗದಿದ್ದರೆ ಪರೀಕ್ಷೆಯೇ ನಡೆದಿಲ್ಲ ಅಂತ ಅರ್ಥ, ಆಗ ಇನ್‌ವ್ಯಾಲಿಡ್ ಅಂತ ಬರೆದು ಹೊಸ ಸ್ಯಾಂಪಲ್ ಕೇಳುತ್ತಾರೆ. ಇನ್‌ವ್ಯಾಲಿಡ್ ಬಂದಾಗ ಕೆಲವರು ಲ್ಯಾಬಿನವರ ಮೇಲೆ ಸಿಟ್ಟಾಗುತ್ತಾರೆ. ಆಗಬೇಡಿ, ಅದು ಪ್ರಾಮಾಣಿಕ ರಿಪೋರ್ಟ್.

ಪಾಸಿಟಿವ್ ಬಂದರೆ ರಿಪೋರ್ಟಿನಲ್ಲಿ ಸಿಟಿ ವ್ಯಾಲ್ಯೂ ಅಂತ ಒಂದು ನಂಬರ್ ಇರಬಹುದು. ಕೋವಿಡ್ ಕಾಲದಿಂದ ಎಲ್ಲರಿಗೂ ಪರಿಚಯ. ಎಷ್ಟನೇ ಸುತ್ತಿಗೆ ಬೆಳಕು ಗೆರೆ ದಾಟಿತು ಅನ್ನುವುದು ಅದು. 22 ಅಂದರೆ ವೈರಸ್ ಜಾಸ್ತಿ, 32 ಅಂದರೆ ಕಡಿಮೆ, ನಡುವೆ ಹತ್ತು ಸುತ್ತಿನ ವ್ಯತ್ಯಾಸ ಅಂದರೆ ಸುಮಾರು ಸಾವಿರ ಪಟ್ಟು. ಆದರೆ ಈ ನಂಬರ್ ನೋಡಿ ರೋಗಿ ಎಷ್ಟು ಗಂಭೀರ ಅಂತ ಮನೆಯಲ್ಲಿ ಕೂತು ತೀರ್ಮಾನ ಮಾಡಬೇಡಿ. ಯಾವ ದಿನದ ರಕ್ತ, ಯಾವ ಕಿಟ್ ಅನ್ನುವುದರ ಮೇಲೆ ಅದು ಬದಲಾಗುತ್ತದೆ. ಪ್ಲೇಟ್‌ಲೆಟ್ ಎಷ್ಟು, ಬಿಪಿ ಎಷ್ಟು, ಎಲ್ಲಾದರೂ ರಕ್ತ ಬರುತ್ತಿದೆಯಾ ಅನ್ನುವುದು ಆ ನಂಬರಿಗಿಂತ ದೊಡ್ಡ ವಿಷಯ.

ಈಗ ನಿಜವಾಗಿ ನೆಗೆಟಿವ್ ಆದರೆ? ಇದನ್ನು ಒತ್ತಿ ಹೇಳಬೇಕು. ಮಂಗನ ಕಾಯಿಲೆ ಅಲ್ಲ ಅಂದ ತಕ್ಷಣ ಮನೆಯವರು ಸದ್ಯ ಬಚಾವು ಅಂದುಕೊಂಡು ಸುಮ್ಮನಾಗುತ್ತಾರೆ. ಮಲೆನಾಡಿನಲ್ಲಿ ಇದೇ ಥರ ಶುರುವಾಗುವ ಜ್ವರಗಳು ಬೇರೆಯೂ ಇವೆ: ಡೆಂಗಿ, ಇಲಿ ಜ್ವರ, ಸ್ಕ್ರಬ್ ಟೈಫಸ್. ಕೊನೆಯ ಎರಡಕ್ಕೆ ಔಷಧಿ ಇದೆ, ಡಾಕ್ಸಿಸೈಕ್ಲಿನ್ ಅಂತ ಅಗ್ಗದ ಮಾತ್ರೆ. ಬೇಗ ಕೊಟ್ಟರೆ ವಾಸಿಯಾಗುತ್ತದೆ, ತಡವಾದರೆ ಕಿಡ್ನಿ, ಶ್ವಾಸಕೋಶಕ್ಕೆ ಇಳಿದು ಜೀವಕ್ಕೇ ಬರುತ್ತದೆ. ಹಾಗಾಗಿ ಅಪ್ಪನ ಕಂಕುಳು, ತೊಡೆಸಂದು, ಸೊಂಟದ ಹತ್ತಿರ ಸಿಗರೇಟಿನಿಂದ ಸುಟ್ಟ ಹಾಗೆ ಕಪ್ಪು ಹಕ್ಕಳೆ ಏನಾದರೂ ಇದೆಯಾ ಅಂತ ಬೆಳಕಿನಲ್ಲಿ ನೋಡಲು ತಮ್ಮನಿಗೆ ಹೇಳಿ. ನೋವಿರುವುದಿಲ್ಲ, ಹಾಗಾಗಿ ಅವರಿಗೇ ಗೊತ್ತಿರುವುದಿಲ್ಲ. ಇದ್ದರೆ ಸ್ಕ್ರಬ್ ಟೈಫಸ್ ಗುಮಾನಿ ಬಲವಾಗುತ್ತದೆ, ಆ ಹಕ್ಕಳೆಯಿಂದಲೇ ಪಿಸಿಆರ್ ಮಾಡಬಹುದು, ರಕ್ತಕ್ಕಿಂತ ಅದರಲ್ಲಿ ಚೆನ್ನಾಗಿ ಸಿಗುತ್ತದೆ. ಡೆಂಗಿಗೂ ಇದೇ ದಿನದ ಲೆಕ್ಕ, ಮೊದಲ ದಿನಗಳಲ್ಲಿ ವೈರಸ್ಸಿನದೇ ಪ್ರೋಟೀನ್ ಹುಡುಕುವ ಎನ್‌ಎಸ್1, ಆಮೇಲೆ ಐಜಿಎಂ. ಇಲಿ ಜ್ವರದಲ್ಲಿ ಮೊದಲ ವಾರ ರಕ್ತದಲ್ಲಿ ಹುಡುಕಬೇಕು, ಆಮೇಲೆ ಮೂತ್ರದಲ್ಲಿ.

ಇನ್ನೊಂದು ಮಾತು. ಪೇಟೆಯ ಎಷ್ಟೋ ಲ್ಯಾಬುಗಳಲ್ಲಿ ಎರಡನೇ ದಿನದ ಜ್ವರಕ್ಕೆ ವಿಡಾಲ್ ಮಾಡಿ ಟೈಫಾಯ್ಡ್ ಅಂತ ಬರೆದುಕೊಡುವುದನ್ನು ನೋಡುತ್ತಿದ್ದೇನೆ. ವಿಡಾಲ್ ಕೂಡ ಪ್ರತಿಕಾಯದ ಪರೀಕ್ಷೆ. ಎರಡನೇ ದಿನಕ್ಕೆ ಅದರಿಂದ ಏನೂ ಹೇಳಲಾಗದು. ಹಳೇ ಸೋಂಕಿನ ಉಳಿಕೆಯೂ ಇರಬಹುದು. ಆ ಚೀಟಿ ನಂಬಿ ಐದು ದಿನ ಕಳೆದುಕೊಂಡು ಆಮೇಲೆ ಮೂಗಲ್ಲಿ ರಕ್ತ ಬಂದಾಗ ಓಡಿಬರುವವರಿದ್ದಾರೆ. ಕಾಡಂಚಿನ ಊರಿನವರು, ಡಿಸೆಂಬರಿನಿಂದ ಮೇ ಜೂನ್‌ವರೆಗಿನ ಜ್ವರ, ಅಂದರೆ ಮೊದಲು ಪಿಎಚ್‌ಸಿಗೇ ಹೋಗಿ.

ಮಂಗನ ಕಾಯಿಲೆಗೆ ನಿರ್ದಿಷ್ಟ ಔಷಧಿ ಇಲ್ಲ, ಬೇಗ ಗೊತ್ತಾಗಿ ಏನು ಪ್ರಯೋಜನ ಅಂತ ಕೇಳುವವರಿಗೆ ನನ್ನ ಉತ್ತರ ಇದು. ಪ್ರಯೋಜನ ತುಂಬಾ ಇದೆ. ಗೊತ್ತಾದ ದಿನದಿಂದ ಮೈಕೈ ನೋವಿಗೆ ಅಂತ ಐಬುಪ್ರೊಫೇನ್, ಡೈಕ್ಲೋಫೆನಾಕ್, ಆಸ್ಪಿರಿನ್ ಕೊಡುವುದು ನಿಲ್ಲುತ್ತದೆ. ರಕ್ತಸ್ರಾವದ ಅಪಾಯ ಇರುವವರಿಗೆ ಅವು ವಿಷ ಇದ್ದಹಾಗೆ, ಪ್ಯಾರಾಸಿಟಮಾಲ್ ಮಾತ್ರ ಸಾಕು. ಪ್ಲೇಟ್‌ಲೆಟ್ ಕೌಂಟ್ ದಿನಾ ನೋಡುತ್ತಾರೆ. ನೀರಿನಂಶ ಇಳಿಯದ ಹಾಗೆ ಡ್ರಿಪ್ ಹಾಕುತ್ತಾರೆ. ಹಾಳಾಗುವ ಮುಂಚೆ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ. ಇನ್ನೂ ಒಂದಿದೆ. ಜ್ವರ ಬಿಟ್ಟು ಒಂದೆರಡು ವಾರ ಚೆನ್ನಾಗಿದ್ದು, ಕೆಲವರಿಗೆ ಮತ್ತೆ ಜ್ವರ ಬರುತ್ತದೆ. ಆಗ ತಲೆನೋವು, ಕತ್ತು ಬಿಗಿತ, ಕೈ ನಡುಕ, ಮಾತು ತಪ್ಪುವುದು, ಗಲಿಬಿಲಿ ಇಂಥವು ಕಾಣುತ್ತವೆ. ಮೊದಲ ಸುತ್ತಿನಲ್ಲೇ ಕಾಯಿಲೆ ಗುರುತಾಗಿದ್ದರೆ ಮನೆಯವರು ಎಚ್ಚರವಾಗಿರುತ್ತಾರೆ. ಈ ಎರಡನೇ ಸುತ್ತಿನಲ್ಲಿ ರಕ್ತದ ಪಿಸಿಆರ್ ಸಾಮಾನ್ಯವಾಗಿ ನೆಗೆಟಿವ್ ಬರುತ್ತದೆ, ಆಗ ಐಜಿಎಂ ನೋಡಬೇಕು.

ರಿಪೋರ್ಟಿಗೆ ಎರಡು ದಿನ ಯಾಕೆ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಪರೀಕ್ಷೆಗೆ ನಾಲ್ಕೈದು ಗಂಟೆ ಸಾಕು. ಸಮಯ ತಿನ್ನುವುದು ದಾರಿ, ಮತ್ತೆ ಸ್ಯಾಂಪಲ್‌ಗಳನ್ನು ಒಟ್ಟುಮಾಡಿ ಓಡಿಸುವ ಪದ್ಧತಿ. ಇದಕ್ಕೆ ಪರಿಹಾರ ನಮ್ಮಲ್ಲೇ ಹುಟ್ಟಿದೆ. ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್ ಬೆಳೆಸಿ ಗೋವಾದ ಮೋಲ್‌ಬಯೋ ತಯಾರಿಸುವ ಟ್ರೂನ್ಯಾಟ್ ಅನ್ನುವ ಚಿಕ್ಕ ಪಿಸಿಆರ್ ಮೆಷಿನ್ ಬ್ಯಾಟರಿಯಲ್ಲೂ ಓಡುತ್ತದೆ, ಸುಮಾರು ಒಂದು ಗಂಟೆಯಲ್ಲಿ ಉತ್ತರ ಕೊಡುತ್ತದೆ. ಕ್ಷಯಕ್ಕೆ 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಿಗೆ ಸಿಕ್ಕಿದ ಮೆಷಿನ್ ಇದು, ಕೋವಿಡ್‌ನಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೂ ಬಂತು. ಎನ್‌ಐವಿ ಜೊತೆ ಸೇರಿ ಕೆಎಫ್‌ಡಿಗೂ ಈ ಮೆಷಿನ್ನಿಗೆ ಹಾಕುವ ಪರೀಕ್ಷೆಯ ಚಿಪ್ ಮಾಡಿದ್ದಾರೆ. ಮಲೆನಾಡಿನ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಸೀಸನ್ ಶುರುವಾಗುವ ಮುಂಚೆ ಈ ಚಿಪ್ ಸ್ಟಾಕ್ ಇರಬೇಕು, ಅದನ್ನು ಜನ ಕೇಳಿ ಪಡೆಯಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಸ್ಯಾಂಪಲ್ ಪ್ರಯಾಣ ಮಾಡುವ ಬದಲು ಪರೀಕ್ಷೆ ಊರ ಹತ್ತಿರ ಬರಬೇಕು.

ಅಮ್ಮ, ತಮ್ಮನಿಗೆ ಈಗ ಪರೀಕ್ಷೆ ಬೇಡ. ಇದು ಮನುಷ್ಯರಿಂದ ಮನುಷ್ಯರಿಗೆ ಹರಡುವ ಕಾಯಿಲೆ ಅಲ್ಲ, ಅಪ್ಪನ ಆರೈಕೆ ಮಾಡಲು ಹೆದರಬೇಕಾಗಿಲ್ಲ. ಆದರೆ ಅವರೂ ಅದೇ ಬೆಟ್ಟಕ್ಕೆ ಹೋಗಿದ್ದರೆ, ಅಥವಾ ಅಪ್ಪ ತಂದ ದರಕನ್ನು ಕೊಟ್ಟಿಗೆಗೆ ಹಾಸಿದ್ದರೆ ಉಣುಗು ಕಚ್ಚಿರಬಹುದು. ಎಳೆಯ ಉಣುಗು ಸಾಸಿವೆ ಕಾಳಿಗಿಂತಲೂ ಚಿಕ್ಕದು, ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಕಚ್ಚಿ ಮೂರರಿಂದ ಎಂಟು ದಿನದಲ್ಲಿ ಜ್ವರ ಬರುತ್ತದೆ. ಜ್ವರ ಇಲ್ಲದವರ ರಕ್ತ ತೆಗೆದು ಪಿಸಿಆರ್ ಮಾಡಿದರೆ ನೆಗೆಟಿವ್ ಬರುತ್ತದೆ, ಅದನ್ನು ನೋಡಿ ಧೈರ್ಯವಾಗಿದ್ದು ನಾಲ್ಕು ದಿನ ಬಿಟ್ಟು ಬಂದ ಜ್ವರವನ್ನು ಕಡೆಗಣಿಸುತ್ತಾರೆ. ಮಾಡಿಸದೇ ಇರುವುದಕ್ಕಿಂತ ಅದು ಕೆಟ್ಟದ್ದು. ಜ್ವರ ಬಂದ ದಿನ, ಗಂಟೆ ಗೋಡೆ ಕ್ಯಾಲೆಂಡರಿನಲ್ಲಿ ಬರೆದು ಅವತ್ತೇ ಆಸ್ಪತ್ರೆಗೆ ಹೋಗಲಿ. ಬೆಟ್ಟಕ್ಕೆ ಹೋಗಲೇಬೇಕಾದರೆ ಉಣುಗು ಹತ್ತದ ಹಾಗೆ ಆಶಾ ಕಾರ್ಯಕರ್ತೆಯರು ಕೊಡುವ ಡೇಪಾ ಎಣ್ಣೆ ಕೈಕಾಲಿಗೆ ಹಚ್ಚಿಕೊಳ್ಳಲಿ, ಬಂದ ತಕ್ಷಣ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆ ನೆನೆಸಲಿ. ಹಳೆಯ ಲಸಿಕೆ ನಿಂತಿದೆ, ಹೊಸದರ ಕೆಲಸ ನಡೆದಿದೆ, ಅಲ್ಲಿಯವರೆಗೆ ಇದೇ ರಕ್ಷಣೆ.

ಕೊನೆಯ ಪ್ರಶ್ನೆ ನನಗೆ ತುಂಬಾ ಇಷ್ಟವಾಯಿತು. ಜ್ವರಕ್ಕೆ ಮುಂಚೆ ಗೊತ್ತಾಗುವ ಪರೀಕ್ಷೆ ಇದೆ, ಆದರೆ ಅದು ಮನುಷ್ಯರ ಮೇಲಲ್ಲ, ಕಾಡಿನ ಮೇಲೆ. ಆರೋಗ್ಯ ಇಲಾಖೆಯವರು ಬಿಳಿ ಬಟ್ಟೆಯನ್ನು ಕಾಡಿನ ನೆಲದ ಮೇಲೆ, ಪೊದೆಗಳ ಮೇಲೆ ಎಳೆದುಕೊಂಡು ಹೋಗುವುದನ್ನು ನಿಮ್ಮೂರಿನವರು ನೋಡಿರುತ್ತಾರೆ. ಬಟ್ಟೆಗೆ ಅಂಟಿದ ಉಣುಗುಗಳನ್ನು ಚಿಮಟದಲ್ಲಿ ಹೆಕ್ಕಿ, ಜಾತಿ ಗುರುತಿಸಿ, ಗುಂಪು ಗುಂಪಾಗಿ ಅರೆದು ಅದೇ ಪಿಸಿಆರ್ ಮಾಡುತ್ತಾರೆ. ಒಂದು ಗುಂಪು ಪಾಸಿಟಿವ್ ಬಂದರೆ ಆ ಬೆಟ್ಟದಲ್ಲಿ ವೈರಸ್ ಓಡಾಡುತ್ತಿದೆ ಅಂತ, ಯಾರಿಗೂ ಜ್ವರ ಬರುವ ಮುಂಚೆಯೇ ಗೊತ್ತಾಗುತ್ತದೆ. ಸತ್ತ ಮಂಗನ ಅಂಗಾಂಶದ ಪರೀಕ್ಷೆಯೂ ಹೀಗೇ. ಮುಸಿಯ, ಕೆಂಪು ಮೂತಿಯ ಮಂಗ ಎರಡಕ್ಕೂ ಈ ವೈರಸ್ ಮಾರಕ. ಮಂಗ ಸತ್ತು ಬಿದ್ದಾಗ ಅದರ ಮೈಮೇಲಿದ್ದ ಉಣುಗುಗಳೆಲ್ಲ ಅಲ್ಲೇ ನೆಲಕ್ಕಿಳಿಯುತ್ತವೆ, ಆ ಜಾಗ ವಾರಗಟ್ಟಲೆ ಅಪಾಯ. ಅದಕ್ಕೇ ಸುತ್ತ ಮೆಲಾಥಿಯಾನ್ ಎಂಬ ಕೀಟನಾಶಕ ಪುಡಿ ಹಾಕುತ್ತಾರೆ. ಸತ್ತ ಮಂಗ ಕಂಡರೆ ಮುಟ್ಟಬೇಡಿ, ಹೂಳಬೇಡಿ, ಹತ್ತಿರ ಹೋಗದೆ ಪಿಎಚ್‌ಸಿಗೋ ಪಂಚಾಯಿತಿಗೋ ಫೋನ್ ಮಾಡಿ. ತಡವಾದಷ್ಟೂ ಅಂಗಾಂಶ ಕೊಳೆತು ಪರೀಕ್ಷೆಗೆ ಬಾರದಂತಾಗುತ್ತದೆ.

ನಾಳೆ ರಕ್ತ ಕೊಡುವಾಗ ಫಾರಂನಲ್ಲಿ ಜ್ವರ ಶುರುವಾದ ದಿನಾಂಕ, ರಕ್ತ ತೆಗೆದ ದಿನಾಂಕ ಎರಡನ್ನೂ ಬರೆಸಿ, ಪಿಸಿಆರ್ ಮತ್ತು ಐಜಿಎಂ ಎರಡೂ ಅಂತ ಗುರುತು ಹಾಕಿಸಿ, ಜೊತೆಗೆ ಸ್ಕ್ರಬ್ ಟೈಫಸ್, ಡೆಂಗಿ, ಇಲಿ ಜ್ವರದ ಬಗ್ಗೆ ಡಾಕ್ಟರ ಹತ್ತಿರ ಕೇಳಿ. ಒಸಡಲ್ಲಿ ಮೂಗಲ್ಲಿ ರಕ್ತ, ಕಪ್ಪು ಮಲ, ನಿಲ್ಲದ ವಾಂತಿ, ಮಂಪರು, ಇವುಗಳಲ್ಲಿ ಒಂದು ಕಂಡರೂ ರಿಪೋರ್ಟಿಗೆ ಕಾಯದೆ ಅಡ್ಮಿಟ್ ಮಾಡಿಸಿ. ರಿಪೋರ್ಟ್ ಬಂದ ಮೇಲೆ ಎರಡೂ ಸಲದ್ದನ್ನು ದಿನಾಂಕ ಕಾಣುವ ಹಾಗೆ ನನಗೆ ಕಳಿಸಿ, ನೋಡಿ ಹೇಳುತ್ತೇನೆ.